ಪರಾಗದ ಪಂಚಾಂಗ

ನನ್ನ ಊರು ಹುಲ್ಲಹಳ್ಳಿ. ನಂಜನಗೂಡಿನಿಂದ ಹೊಳೆಯ ಮೇಲುದಿಕ್ಕಿಗೆ ಹೊರಟರೆ ಕಪಿಲೆಯ ದಂಡೆಯಲ್ಲಿ ಸಿಗುವ ಊರು. ಹೊಳೆಗೆ ಅಡ್ಡಲಾಗಿ ಹಳೆಯದೊಂದು ಅಣೆಕಟ್ಟು, ಅಲ್ಲಿಂದ ಹೊರಟ ನಾಲೆಗಳು, ನಾಲೆಯ ಕೆಳಗೆ ಕಣ್ಣು ಹರಿಯುವಷ್ಟು ದೂರ ಬತ್ತದ ಗದ್ದೆ. ಊರಿನ ಹೆಸರಿನ ನಿಜವಾದ ಮೂಲವನ್ನು ಬಲ್ಲವರು ಹೇಳಲಿ. ಕಿವಿಗಂತೂ ಅದು ಹುಲ್ಲಿನ ಹಳ್ಳಿ ಎಂದೇ ಕೇಳಿಸುತ್ತದೆ. ಬತ್ತವೂ ಹುಲ್ಲಿನ ಕುಲ, ಕಬ್ಬೂ ಹುಲ್ಲಿನ ಕುಲ, ರಾಗಿ ಜೋಳಗಳೂ ಅದೇ ಕುಲ ಎಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದಾಗ, ಈ ಹೆಸರು ನಮ್ಮ ಊರಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದುಕೊಂಡೆ. ಅದೇ ಹುಲ್ಲು ನಮ್ಮ ಮನೆಯವರೊಬ್ಬರನ್ನು ವರ್ಷವರ್ಷವೂ ಕಾಡುತ್ತಿತ್ತೆಂಬುದು ತಿಳಿಯಲು ಮಾತ್ರ ಇನ್ನೂ ಹತ್ತು ವರ್ಷ ಬೇಕಾಯಿತು. ಅದಕ್ಕೆ ಮುಂಚೆ ನನ್ನಿಂದ ಒಂದು ತಪ್ಪು ನಡೆದುಹೋಗಿತ್ತು. ಇಂದಿನ ಮಾತು ಆ ತಪ್ಪಿನಿಂದಲೇ ಹೊರಡಬೇಕು.

ನಮ್ಮ ಅಕ್ಕನಿಗೆ ನವರಾತ್ರಿಯ ಹೊತ್ತಿಗೆ ಸೀನು ಹಿಡಿಯುತ್ತಿತ್ತು. ಒಂದಲ್ಲ ಎರಡಲ್ಲ, ಒಟ್ಟಿಗೆ ಹತ್ತು ಹದಿನೈದು. ಕಣ್ಣು ಕೆಂಪಾಗಿ ನೀರು ಸುರಿಯುವುದು. ಮೂಗಿನೊಳಗೂ ಅಂಗುಳಿನಲ್ಲೂ ತಡೆಯಲಾರದ ಕಡಿತ. ದೀಪಾವಳಿ ಹತ್ತಿರವಾದಂತೆ ಅದು ಎದೆಗೆ ಇಳಿಯುತ್ತಿತ್ತು. ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕುಳಿತು ಅವಳು ಉಸಿರೆಳೆಯುವ ಸದ್ದು ನಡುಮನೆಯಲ್ಲಿ ಮಲಗಿದ್ದ ನಮಗೆಲ್ಲ ಕೇಳುತ್ತಿತ್ತು. ಧನುರ್ಮಾಸ ಹುಟ್ಟುವ ಹೊತ್ತಿಗೆ ಯಾರೋ ಕೈಯಿಂದ ತೆಗೆದಂತೆ ಎಲ್ಲವೂ ನಿಲ್ಲುತ್ತಿತ್ತು. ಅಜ್ಜಿ ಅದನ್ನು ಶೀತವೆಂದು ಕರೆದು ಮೆಣಸಿನ ಕಷಾಯ ಕುಡಿಸುತ್ತಿದ್ದರು. ಜ್ವರವಿಲ್ಲದ, ಮನೆಯ ಇನ್ನೊಬ್ಬರಿಗೆ ಅಂಟದ, ಮುಹೂರ್ತ ನೋಡಿಕೊಂಡು ಬಂದು ಮುಹೂರ್ತ ನೋಡಿಕೊಂಡೇ ಹೋಗುವ ಶೀತವೆಂಥದು ಎಂದು ಯಾರೂ ಕೇಳಲಿಲ್ಲ.

ಕೇಳಿದವನು ನಾನು. 1973ರಲ್ಲಿ ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮೊದಲನೆಯ ವರ್ಷ ಓದುತ್ತಿದ್ದೆ. ಹೂವಿನ ಪರಾಗದಿಂದ ಕೆಲವರಿಗೆ ಸೀನು ಬರುತ್ತದೆ ಎಂದು ಎಲ್ಲಿಯೋ ಒಂದು ಸಾಲು ಓದಿದ್ದೆ. ದಸರೆಯ ರಜೆಗೆ ಊರಿಗೆ ಬಂದಾಗ ಅಂಗಳದಲ್ಲಿ ಕಂಡದ್ದು ಆಕಾಶಮಲ್ಲಿಗೆ. ನಮ್ಮ ಮನೆಯ ಮುಂದಿನ ಆ ಎತ್ತರದ ಮರ ಸರಿಯಾಗಿ ಅದೇ ದಿನಗಳಲ್ಲಿ ಹೂ ಬಿಡುತ್ತಿತ್ತು. ರಾತ್ರಿಯೆಲ್ಲ ಘಮಘಮಿಸಿ ಬೆಳಗಿನ ಜಾವಕ್ಕೆ ನೆಲವನ್ನು ಬೆಳ್ಳಗೆ ಮಾಡುತ್ತಿತ್ತು. ಅಕ್ಕ ಅವನ್ನು ಆಯ್ದು, ದಾರವಿಲ್ಲದೆ ಉದ್ದನೆಯ ತೊಟ್ಟುಗಳನ್ನೇ ಹೆಣೆದು ಮಾಲೆ ಮಾಡುತ್ತಿದ್ದಳು. ಹೂವು ಅರಳುವುದೂ ಸೀನು ಬರುವುದೂ ಒಂದೇ ಕಾಲದಲ್ಲಿ. ಸೀನುವವಳ ಮಡಿಲಿನಲ್ಲೇ ಹೂವು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ನಾನು ತಂದೆಯವರಿಗೆ ಶಾಸ್ತ್ರೋಕ್ತವಾಗಿ ವಿವರಿಸಿದೆ. ಮಗಳ ಉಸಿರಿಗಿಂತ ಮರ ದೊಡ್ಡದಲ್ಲ ಎಂದು ಅವರು ಆಳನ್ನು ಕರೆಸಿದರು. ಕೊಡಲಿ ಹಿಡಿದವನು ಆಳು, ಅದಕ್ಕೆ ಮಾತು ಕೊಟ್ಟವನು ನಾನು. ಅಕ್ಕ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಮರುವರ್ಷ ನವರಾತ್ರಿಗೆ ಅಂಗಳ ಬರಿದಾಗಿತ್ತು; ಅಕ್ಕ ಎಂದಿನಂತೆ ಸೀನುತ್ತಿದ್ದಳು.

ನನ್ನ ತರ್ಕದಲ್ಲಿ ತಪ್ಪಿದ್ದುದು ಎಲ್ಲಿ? ಅದನ್ನು ತಿಳಿಯಬೇಕಾದರೆ ಹೂವುಗಳಲ್ಲಿ ಎರಡು ಬಗೆಯ ಸಂಸಾರವಿದೆ ಎಂಬುದನ್ನು ಅರಿಯಬೇಕು. ಕೆಲವು ಗಿಡಗಳು ತಮ್ಮ ಪರಾಗವನ್ನು ಜೇನು, ಚಿಟ್ಟೆ, ಪತಂಗಗಳ ಕೈಯಲ್ಲಿ ಕಳುಹಿಸುತ್ತವೆ. ಹೀಗೆ ಅತಿಥಿಗಳನ್ನು ಕರೆಯಬೇಕಾದ್ದರಿಂದ ಅವಕ್ಕೆ ಬಣ್ಣ ಬೇಕು, ಪರಿಮಳ ಬೇಕು, ಮಧು ಬೇಕು. ಅವುಗಳ ಪರಾಗ ಸ್ವಲ್ಪ, ಭಾರ, ಜಿಗುಟು. ಕೀಟದ ಮೈಗೆ ಅಂಟಬೇಕೇ ಹೊರತು ಗಾಳಿಯಲ್ಲಿ ತೇಲಬಾರದು. ರಾತ್ರಿಯ ಪತಂಗಗಳನ್ನು ನೆಚ್ಚಿದ ಆಕಾಶಮಲ್ಲಿಗೆ ಈ ಜಾತಿಯದು. ಇನ್ನು ಕೆಲವು ಗಿಡಗಳು ಗಾಳಿಯನ್ನೇ ನೆಚ್ಚಿದವು. ಗಾಳಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಆದ್ದರಿಂದ ಈ ಗಿಡಗಳಿಗೆ ಅಲಂಕಾರದ ಗೊಡವೆಯಿಲ್ಲ. ಗಾಳಿಗೆ ಗುರಿಯೂ ಇಲ್ಲವಾದ್ದರಿಂದ ಒಂದು ಕಣ ತಲುಪಬೇಕಾದರೆ ಲಕ್ಷ ಕಣಗಳನ್ನು ತೂರಬೇಕು. ಹುಲ್ಲುಗಳೆಲ್ಲ ಈ ಪಂಗಡ. ಗದ್ದೆಯ ಬದುವಿನ ಗರಿಕೆ ಹೂ ಬಿಟ್ಟದ್ದನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ನೋಡಿದರೂ ಅದನ್ನು ಹೂವೆಂದು ಯಾರೂ ಕರೆಯುವುದಿಲ್ಲ. ನಮ್ಮ ಮೂಗು ಮಾತ್ರ ಅದನ್ನು ಗುರುತಿಸುತ್ತದೆ. ನಾನು ಕಣ್ಣಿಗೆ ಕಂಡ ಹೂವನ್ನು ಹಿಡಿದು ಶಿಕ್ಷಿಸಿದೆ. ತಪ್ಪು ಮಾಡಿದ್ದು ಕಾಣದ ಹೂವು.

ಈ ತಪ್ಪಿಗೆ ದೊಡ್ಡ ಪರಂಪರೆಯೇ ಇದೆ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ ಪ್ರತಿ ಬೇಸಗೆಯಲ್ಲೂ ತನ್ನನ್ನೇ ಕಾಡುತ್ತಿದ್ದ ಈ ಬೇನೆಯನ್ನು ವಿದ್ವಾಂಸರ ಮುಂದೆ ಮೊದಲ ಬಾರಿಗೆ ಕ್ರಮವಾಗಿ ವರ್ಣಿಸಿದ. ಅವನು ದೂರಿದ್ದು ಬಿಸಿಲನ್ನು. ಜನ ಒಣಹುಲ್ಲಿನ ವಾಸನೆಯನ್ನು ದೂರಿ ಅದಕ್ಕೆ ಒಣಹುಲ್ಲಿನ ಜ್ವರವೆಂದು ಹೆಸರಿಟ್ಟರು. ಅದು ಒಣಹುಲ್ಲಿನಿಂದ ಬರುವುದೂ ಅಲ್ಲ, ಜ್ವರವೂ ಅಲ್ಲ. ನಿಜವನ್ನು ಹಿಡಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನೂ ವೈದ್ಯ, ಅವನೂ ಈ ಬೇನೆಯ ಗಿರಾಕಿ. ಹುಲ್ಲಿನ ಪರಾಗವನ್ನು ಕೂಡಿಟ್ಟುಕೊಂಡು, ಹುಲ್ಲು ಹೂ ಬಿಡದ ಕಾಲದಲ್ಲಿ ತನ್ನ ಮೂಗಿಗೇ ಹಚ್ಚಿಕೊಂಡು ಸೀನಿದ. ತೋಳನ್ನು ಕೆರೆದು ಅದನ್ನು ಸವರಿ ದದ್ದು ಏಳುವುದನ್ನು ನೋಡಿದ. ಜಿಗುಟು ಲೇಪಿಸಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಮೇಲಕ್ಕೆ ಹಾರಿಸಿ, ಅಷ್ಟು ಎತ್ತರದಲ್ಲಿಯೂ ಪರಾಗ ತೇಲುತ್ತಿದೆ ಎಂದು ತೋರಿಸಿದ. ಇದೆಲ್ಲವನ್ನೂ ಅವನು ಪುಸ್ತಕವಾಗಿ ಪ್ರಕಟಿಸಿದ್ದು 1873ರಲ್ಲಿ. ಅದೇ ವರ್ಷ ಕಲ್ಕತ್ತೆಯಲ್ಲಿ ಡಗ್ಲಸ್ ಕನ್ನಿಂಗ್‌ಹ್ಯಾಮ್ ಎಂಬ ವೈದ್ಯ ಅಲ್ಲಿಯ ಸೆರೆಮನೆಗಳ ಗಾಳಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ ಬರೆದ ಗ್ರಂಥವೂ ಹೊರಬಂತು. ಸರಿಯಾಗಿ ನೂರು ವರ್ಷಗಳ ಮೇಲೆ, 1973ರಲ್ಲಿ, ನಾನು ಒಂದು ಗಾಜಿನ ಚೂರನ್ನೂ ಗಾಳಿಗೆ ಒಡ್ಡದೆ ಮರ ಕಡಿಸಿದೆನೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಪರಾಗದ ಕಣ ಎಲ್ಲರ ಮೂಗಿಗೂ ಹೋಗುತ್ತದೆ. ಸೀನುವವರು ಕೆಲವರೇ ಏಕೆ? ನಮ್ಮ ಹಿರಿಯರು ಇದನ್ನು ಮೈಗೆ ಒಗ್ಗದಿರುವುದು ಎಂದು ಕರೆದರು. ಅಲರ್ಜಿ ಎಂಬ ಹೆಸರನ್ನು 1906ರಲ್ಲಿ ಟಂಕಿಸಿದವನು ವಿಯೆನ್ನಾದ ವೈದ್ಯ ಫಾನ್ ಪಿರ್ಕೆ. ರೋಗಾಣುಗಳೊಡನೆ ಹೋರಾಡಲು ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಕಾವಲುಗಾರರಿದ್ದಾರೆ. ಕೆಲವರ ಮೈಯಲ್ಲಿ ಈ ಕಾವಲು ನಿರಪರಾಧಿಯಾದ ಪರಾಗವನ್ನೇ ಕಳ್ಳನೆಂದು ಬಗೆದು, ಅದಕ್ಕೆಂದೇ ಒಂದು ವಿಶೇಷ ಪ್ರತಿಕಾಯವನ್ನು ತಯಾರಿಸಿಡುತ್ತದೆ. ಮುಂದಿನ ಸಲ ಆ ಕಣ ಬಂದೊಡನೆ ಮೂಗಿನ ಪೊರೆಯ ಕೆಲವು ಜೀವಕೋಶಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಚೆಲ್ಲುತ್ತವೆ. ಕಡಿತ, ನೀರು, ಸೀನು, ಉಬ್ಬಸ ಎಲ್ಲವೂ ಅದರ ಫಲ. ಐಜಿಇ ಎಂಬ ಈ ಪ್ರತಿಕಾಯವನ್ನು 1966ರಲ್ಲಿ ಗುರುತಿಸಿದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಜಾಕ ದಂಪತಿಗಳು. ಮನೆಗೆ ಬಂದ ನೆಂಟನನ್ನು ಕಳ್ಳನೆಂದು ತಿಳಿದು ಮನೆಯ ಪಾತ್ರೆಗಳನ್ನೆಲ್ಲ ಎಸೆದು ಒಡೆದಂತೆ ಈ ವ್ಯಾಪಾರ.

ಅಕ್ಕ 1976ರಲ್ಲಿ ಮದುವೆಯಾಗಿ ಮೈಸೂರಿಗೆ ಹೋದಳು. ಊರಂಚಿನ ಹೊಸ ಬಡಾವಣೆಯಲ್ಲಿ ಮನೆ. ಮೊದಲ ಎರಡು ಮೂರು ವರ್ಷ ನವರಾತ್ರಿಗಳು ನಿರಾತಂಕವಾಗಿ ಕಳೆದವು. ಸ್ಥಳ ಬದಲಾಯಿತು, ಬೇನೆ ಬಿಟ್ಟಿತು ಎಂದು ನಾವೆಲ್ಲ ಸಂತೋಷಪಟ್ಟೆವು. ಆಮೇಲೆ ಒಂದು ವರ್ಷ ಆಷಾಢದಲ್ಲೇ ಸೀನು ಬಂದಿತು, ಶ್ರಾವಣದಲ್ಲಿ ಉಬ್ಬಸವಾಯಿತು. ಬೇನೆ ಅದೇ, ಪಂಚಾಂಗ ಮಾತ್ರ ಬೇರೆ. 1983ರಲ್ಲಿ ವೈದ್ಯರೊಬ್ಬರು ಅವಳ ಮುಂಗೈಯ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸೂಜಿಯಿಂದ ಚುಚ್ಚಿ ಪರೀಕ್ಷಿಸಿದರು. ಕಾಲು ಗಂಟೆಯಲ್ಲಿ ಎರಡು ಕಡೆ ದದ್ದು ಎದ್ದಿತು. ಒಂದು ಹುಲ್ಲಿನ ಪರಾಗದ್ದು. ಇನ್ನೊಂದು ಪಾರ್ಥೇನಿಯಂ ಗಿಡದ್ದು.

ಪಾರ್ಥೇನಿಯಂ ಎಂದರೆ ತಿಳಿಯದವರಿಗೂ ಕಾಂಗ್ರೆಸ್ ಗಿಡವೆಂದರೆ ತಿಳಿಯುತ್ತದೆ. ಮಧ್ಯ ಅಮೆರಿಕದ ಕಡೆಯ ಈ ಕಳೆ 1955ರ ಸುಮಾರಿಗೆ ಪುಣೆಯಲ್ಲಿ ಜನರ ಗಮನಕ್ಕೆ ಬಂದಿತು. ವಿದೇಶದ ಗೋದಿಯ ಜತೆಯಲ್ಲಿ ಬಂದಿತೆಂದು ಹೇಳುವುದುಂಟು. ಅರುವತ್ತರ ದಶಕದಲ್ಲಿ ಬೆಂಗಳೂರನ್ನು ಹಿಡಿದು, ಅಲ್ಲಿಂದ ನಮ್ಮ ನಾಡನ್ನೆಲ್ಲ ಆವರಿಸಿತು. 1975ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಉಪದ್ರವಕಾರಿ ಕಳೆಯೆಂದು ಸಾರಿತು. ಅದನ್ನು ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ 1983ರಲ್ಲಿ ತರಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ತನ್ನ ಕೆಲಸವನ್ನು ಮಾಡಿತು. ಆದರೆ ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದಾಗಿ ಗಿಡ ಇಂದಿಗೂ ಇದೆ. ಮುಟ್ಟಿದವರಿಗೆ ಚರ್ಮದ ಕಡಿತ, ಉಸಿರಿನಲ್ಲಿ ಎಳೆದವರಿಗೆ ಸೀನು. ಇದಕ್ಕೆ ಕಾಡು ಬೇಡ, ತೋಟ ಬೇಡ. ಅಗೆದು ಬಿಟ್ಟ ಮಣ್ಣು ಸಾಕು. ನಗರ ಬೆಳೆಯುವ ಅಂಚಿನಲ್ಲಿ ನಿವೇಶನ ಹಂಚಿ, ರಸ್ತೆ ಎಳೆದು, ಮನೆ ಮಾತ್ರ ಏಳದೆ ವರ್ಷಗಟ್ಟಲೆ ಖಾಲಿ ಬಿದ್ದ ನೆಲವಿದೆಯಲ್ಲ, ಅದು ಇದರ ಸ್ವರ್ಗ. ಮುಂಗಾರು ಬಿದ್ದ ಕೆಲವೇ ವಾರಗಳಲ್ಲಿ ಅಲ್ಲೆಲ್ಲ ಅಕ್ಕಿಕಾಳಿನಂಥ ಬಿಳಿಯ ಹೂ. ಅಕ್ಕನ ಮನೆಯ ಮೂರು ಕಡೆಯೂ ಅಂಥ ನಿವೇಶನಗಳೇ ಇದ್ದುವು. ಹುಲ್ಲಹಳ್ಳಿಯಲ್ಲಿ ಗದ್ದೆಯ ಹುಲ್ಲು ಮಾಡುತ್ತಿದ್ದುದನ್ನು ಮೈಸೂರಿನಲ್ಲಿ ಬಡಾವಣೆಯ ಕಳೆ ಮಾಡಿತು.

ಇಲ್ಲಿ ನನಗೆ ಕಾಣುವ ಮುಖ್ಯವಾದ ಮಾತು ಇದು. ಮಳೆಯ ಮುನ್ಸೂಚನೆಯನ್ನು ಇಡೀ ದಕ್ಷಿಣ ಒಳನಾಡಿಗೆ ಒಟ್ಟಾಗಿ ಹೇಳಬಹುದು. ಪರಾಗದ ಮುನ್ಸೂಚನೆಯನ್ನು ಹಾಗೆ ಹೇಳಲಾಗದು. ಅದು ಊರಿನದು, ಕೆಲವು ಸಲ ಬೀದಿಯದು. ಬಸ್ಸಿನಲ್ಲಿ ಸುಲಭವಾಗಿ ಹೋಗಿಬರುವಷ್ಟು ಹತ್ತಿರದ ಎರಡು ಊರುಗಳಿಗೆ ಎರಡು ಪಂಚಾಂಗ ಬೇಕಾಗುತ್ತದೆ.

ಅಂಥ ಪಂಚಾಂಗವನ್ನು ಬರೆಯುವುದು ಹೇಗೆ? ಮೊದಲು ಎಣಿಸಬೇಕು. ಇಂಗ್ಲೆಂಡಿನ ಹರ್ಸ್ಟ್ ಎಂಬ ವಿಜ್ಞಾನಿ 1952ರಲ್ಲಿ ರಚಿಸಿದ ಯಂತ್ರದ ಮಾದರಿಯೇ ಇಂದಿಗೂ ಲೋಕದ ಬಹುಭಾಗದಲ್ಲಿ ನಡೆಯುತ್ತಿದೆ. ಅದು ನಿಮಿಷಕ್ಕೆ ಹತ್ತು ಲೀಟರು ಗಾಳಿಯನ್ನು, ಎಂದರೆ ಹೆಚ್ಚುಕಡಿಮೆ ಒಬ್ಬ ಮನುಷ್ಯ ಎಳೆಯುವಷ್ಟನ್ನೇ, ಸಣ್ಣ ಸೀಳಿನ ಮೂಲಕ ಒಳಗೆಳೆಯುತ್ತದೆ. ಒಳಗೆ ಜಿಗುಟು ಪಟ್ಟಿ ಸುತ್ತಿದ ಉರುಳೆಯೊಂದು ಗಂಟೆಗೆ ಎರಡು ಮಿಲಿಮೀಟರಿನಂತೆ ಸರಿಯುತ್ತ ಏಳು ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ. ಪಟ್ಟಿಯನ್ನು ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಹಿಡಿದರೆ ಯಾವ ದಿನ, ಯಾವ ಗಂಟೆಯಲ್ಲಿ, ಯಾವ ಗಿಡದ ಎಷ್ಟು ಕಣ ಎಂಬ ದಿನಚರಿ ಸಿಕ್ಕುತ್ತದೆ. ಒಂದು ಘನ ಮೀಟರು ಗಾಳಿಯಲ್ಲಿ ಇಷ್ಟು ಕಣ ಎಂದು ಲೆಕ್ಕ ಹೇಳುತ್ತಾರೆ. ಪರಾಗಕ್ಕೆ ಮುಖಲಕ್ಷಣವುಂಟು. ಹುಲ್ಲಿನದು ನುಣುಪಾದ ದುಂಡು ಚೆಂಡು, ಅದಕ್ಕೆ ಉಂಗುರದಂಚಿನ ಒಂದೇ ಒಂದು ರಂಧ್ರ, ಪಾರ್ಥೇನಿಯಂನದು ಮುಳ್ಳುಮುಳ್ಳು, ಸರ್ವೆ ಮರದ್ದು ಮೂರು ರಂಧ್ರದ ತ್ರಿಕೋನ. ಹೀಗೆ ಕೆಲವು ವರ್ಷ ಬಿಡದೆ ಎಣಿಸಿದರೆ ಆ ಊರಿನ ಪರಾಗದ ಪಂಚಾಂಗ ಸಿದ್ಧವಾಗುತ್ತದೆ.

ಮುನ್ಸೂಚನೆಯೆಂಬುದು ಇದರ ಮೇಲೆ ಕಟ್ಟಿದ ಎರಡನೆಯ ಅಂತಸ್ತು. ಪಂಚಾಂಗ ಈ ತಿಂಗಳು ಯಾರ ಸರದಿ ಎಂದು ಹೇಳುತ್ತದೆ. ನಿನ್ನೆಯ ಎಣಿಕೆ ಸರದಿ ಎಲ್ಲಿಗೆ ಬಂದಿದೆ ಎಂದು ಹೇಳುತ್ತದೆ. ನಾಳೆಯ ಹವೆ ಕಣ ಏಳುವುದೋ ಕೂರುವುದೋ ಎಂದು ಹೇಳುತ್ತದೆ. ಒಣ ಬಿಸಿಲು, ಹದವಾದ ಗಾಳಿ ಇದ್ದರೆ ಪರಾಗ ಹೆಚ್ಚು. ಬತ್ತದ ಹೂವು ಅರಳುವುದು ಬಹುಮಟ್ಟಿಗೆ ಬೆಳಗಿನ ಬಿಸಿಲೇರಿದ ಮೇಲೆ, ನಡುಹಗಲಿನ ಒಳಗೆ. ಜಡಿಮಳೆ ಗಾಳಿಯನ್ನು ತೊಳೆಯುತ್ತದೆ. ಗುಡುಗಿನ ಮಳೆಯ ಮಾತು ಮಾತ್ರ ಬೇರೆ. ಅದು ಬರುವ ಮುನ್ನ ಬೀಸುವ ಬಿರುಗಾಳಿ ಪರಾಗವನ್ನು ಬಾಚಿ ನೆಲಮಟ್ಟಕ್ಕೆ ತರುತ್ತದೆ. ತೇವ ತಗುಲಿದ ಹುಲ್ಲಿನ ಕಣ ಒಡೆದು ನೂರಾರು ಚೂರಾಗುತ್ತದೆ. ಇಡಿಯ ಕಣ ಹೆಚ್ಚಾಗಿ ಮೂಗಿನಲ್ಲೇ ತಡೆಯುತ್ತದೆ. ಚೂರುಗಳು ನೇರವಾಗಿ ಎದೆಗೂಡಿನ ಆಳಕ್ಕೆ ಇಳಿಯುತ್ತವೆ. 2016ರ ನವೆಂಬರ್ 21ರ ಸಂಜೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಇಂಥ ಒಂದು ಗುಡುಗುಮಳೆ ಸಾವಿರಾರು ಜನರನ್ನು ಆಸ್ಪತ್ರೆಗೆ ಓಡಿಸಿತು. ಹತ್ತು ಮಂದಿ ತೀರಿಕೊಂಡರು. ಆ ಮೇಲೆ ಅಲ್ಲಿ ಹುಲ್ಲಿನ ಪರಾಗದ ಎಣಿಕೆಯನ್ನೂ ಗುಡುಗಿನ ಮುನ್ಸೂಚನೆಯನ್ನೂ ಒಂದುಗೂಡಿಸಿ ಎಚ್ಚರಿಕೆ ಕೊಡುವ ಏರ್ಪಾಡಾಯಿತು. ಆ ಸುದ್ದಿಯನ್ನು ಓದಿದ ದಿನ ನನಗೆ ಹಳೆಯದೊಂದು ರಾತ್ರಿ ನೆನಪಾಯಿತು. ಚಿತ್ತೆಯ ಮಳೆ ಗುಡುಗುತ್ತ ಬಂದ ಸಂಜೆಯೇ ಅಕ್ಕನ ಉಸಿರು ಅತಿಯಾಗಿ ಕಟ್ಟಿ, ಎತ್ತಿನ ಗಾಡಿಯಲ್ಲಿ ಮಲಗಿಸಿ ನಂಜನಗೂಡಿಗೆ ಕರೆದೊಯ್ದಿದ್ದೆವು. ಮಳೆಯಲ್ಲಿ ನೆನೆದಳು, ಅದಕ್ಕೇ ಹೀಗಾಯಿತು ಎಂದು ದಾರಿಯುದ್ದಕ್ಕೂ ಅವಳನ್ನೇ ಬಯ್ದಿದ್ದೆವು.

ನಮ್ಮ ದೇಶದಲ್ಲಿ ಈ ಕೆಲಸ ನಡೆದೇ ಇಲ್ಲವೆಂದಲ್ಲ. ದೆಹಲಿಯಲ್ಲಿ ಡಾ. ಶಿವಪುರಿಯವರು ಐವತ್ತರ ದಶಕದಿಂದಲೇ ಇದರ ಅಡಿಪಾಯ ಹಾಕಿದರು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಶ್ರೀಪಾದ ಆಗಾಶೆಯವರು ವರ್ಷಗಟ್ಟಲೆ ಆ ನಗರದ ಗಾಳಿಯನ್ನು ಓದಿದರು. ಪಾರ್ಥೇನಿಯಂ, ಸರ್ವೆ, ಹುಲ್ಲು ಅಲ್ಲಿಯ ಗಾಳಿಯ ಮುಖ್ಯ ಪಾತ್ರಗಳು. 1994ರಿಂದ 1999ರವರೆಗೆ ಅಖಿಲ ಭಾರತ ಮಟ್ಟದ ಯೋಜನೆಯೊಂದು ಹಲವು ನಗರಗಳಲ್ಲಿ ನಡೆಯಿತು. 2021ರಲ್ಲಿ ಚಂಡೀಗಢ ನಗರಕ್ಕೆ ಒಂದು ಪರಾಗದ ಪಂಚಾಂಗ ಹೊರಬಂತು. ಇದು ಎಷ್ಟು ಜರೂರಿನ ಕೆಲಸವೆಂಬುದಕ್ಕೆ ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರ ಲೆಕ್ಕವೊಂದೇ ಸಾಕು. ಇಪ್ಪತ್ತು ಸಾವಿರ ಮಕ್ಕಳನ್ನು ಪರೀಕ್ಷಿಸಿದ ಅವರ ಅಧ್ಯಯನದಲ್ಲಿ ಉಬ್ಬಸವಿದ್ದವರು 1979ರಲ್ಲಿ ನೂರಕ್ಕೆ 9, 1999ರಲ್ಲಿ 29.5. ಇದರಲ್ಲಿ ಪರಾಗದ ಪಾಲೆಷ್ಟೋ ವಾಹನದ ಹೊಗೆಯ ಪಾಲೂ ಉಂಟು. ಹೊಗೆಯಿಂದ ಕೆರಳಿದ ಶ್ವಾಸನಾಳಕ್ಕೆ ಪರಾಗವೂ ಹೆಚ್ಚು ತಾಗುತ್ತದೆ.

ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ನಾನು ನನ್ನ ಹಳೆಯ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಒಂದು ಕೆಲಸ ಹಿಡಿದಿದ್ದೇನೆ. ಹರ್ಸ್ಟನ ಯಂತ್ರ ನನ್ನಲ್ಲಿಲ್ಲ. ಗಾಜಿನ ಪಟ್ಟಿಗೆ ವ್ಯಾಸಲಿನ್ ಸವರಿ, ಮಳೆ ಬೀಳದಂತೆ ಮೇಲೊಂದು ತಟ್ಟೆ ಮರೆಮಾಡಿ, ತಾರಸಿಯ ಮೇಲೆ ಒಂದು ದಿನ ಇಡುತ್ತೇನೆ. ಮರುದಿನ ಕೆಂಪು ಬಣ್ಣದ ಹನಿ ಹಾಕಿ ಹಳೆಯ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಒಂದು ಘನ ಮೀಟರಿಗೆ ಎಷ್ಟು ಎಂಬ ಲೆಕ್ಕ ಇದರಿಂದ ದೊರೆಯದು. ಯಾರು ಬಂದಿದ್ದಾರೆ, ಯಾರು ಹೋದರು ಎಂಬುದು ದೊರೆಯುತ್ತದೆ. ಒಂದು ಸಲ ಕುತೂಹಲಕ್ಕೆ, ಊರಿನ ಇನ್ನೊಂದು ಆಕಾಶಮಲ್ಲಿಗೆಯ ಬುಡದಲ್ಲೇ ಪಟ್ಟಿಯನ್ನಿಟ್ಟೆ. ಬೆಳಗ್ಗೆ ಅದರ ಸುತ್ತ ಹೂವಿನ ರಾಶಿ. ಗಾಜಿನ ಮೇಲೆ ಆ ಹೂವಿನ ಪರಾಗ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಕಂಡದ್ದೆಲ್ಲ ನುಣುಪಾದ ದುಂಡು ಚೆಂಡುಗಳು; ಗದ್ದೆಯ ಕಡೆಯಿಂದ ಬಂದ ಹುಲ್ಲು. ಬಹಳ ಹೊತ್ತು ನಾನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

ಈ ಕೆಲಸವನ್ನು ಯಾವ ಪ್ರೌಢಶಾಲೆಯಾದರೂ ಮಾಡಬಹುದು. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ನೆನಪಿಟ್ಟ ನಾಡು ನಮ್ಮದು. ಯಾವ ಮಳೆಗೆ ಯಾವ ಹುಲ್ಲು ಹೂ ಬಿಟ್ಟಿತು, ಸರ್ವೆ ತೋಪು ಯಾವಾಗ ಕಂದಿತು, ತಪಸಿಯ ಮರ ಎಲೆಯುದುರಿಸಿ ಯಾವ ವಾರ ಹೂ ತಳೆಯಿತು ಎಂದು ಬರೆದಿಡುವುದು ನಮಗೆ ಹೊಸ ವಿದ್ಯೆಯೇನಲ್ಲ. ಹಾಗೆ ಮುಂಚೆಯೇ ತಿಳಿದವರಿಗೆ ಪ್ರಯೋಜನವುಂಟು. ಸರದಿ ಬರುವ ಒಂದೆರಡು ವಾರ ಮೊದಲೇ ವೈದ್ಯರನ್ನು ಕಂಡು ಮೂಗಿಗೆ, ಎದೆಗೆ ಬೇಕಾದ ಔಷಧಿಯನ್ನು ಆರಂಭಿಸಬಹುದು. ಬಿಸಿಲೇರಿದ ಹೊತ್ತಿನಲ್ಲಿ ಕಿಟಕಿ ಮುಚ್ಚಬಹುದು, ಬಟ್ಟೆಯನ್ನು ಒಳಗೆ ಒಣಗಿಸಬಹುದು. ಪಕ್ಕದ ನಿವೇಶನದ ಕಾಂಗ್ರೆಸ್ ಗಿಡವನ್ನು, ಬರಿಗೈಯಿಂದಲ್ಲ, ಹೂ ಬಿಡುವ ಮುನ್ನವೇ ಕೀಳಿಸಬಹುದು. ಉಬ್ಬಸ ಬಂದಾಗ ಕಷಾಯದ ಭರವಸೆಯಲ್ಲಿ ರಾತ್ರಿ ಕಳೆಯದಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮರವೊಂದನ್ನು ಕಡಿಯುವ ಮುನ್ನ ಒಂದು ಚೂರು ಗಾಜನ್ನು ಗಾಳಿಗೆ ಒಡ್ಡಿ ನೋಡಬಹುದು.

ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಮದ್ದು ಅವಳನ್ನು ನೆಮ್ಮದಿಯಲ್ಲಿಟ್ಟಿದೆ, ಆದರೂ ಊರಿಗೆ ಬರುವ ಮೊದಲು ದೂರವಾಣಿಯಲ್ಲಿ ಕೇಳುತ್ತಾಳೆ: “ಏನೋ, ಗದ್ದೆ ಹೊಡೆ ಬಿಚ್ಚಿತೇನೋ? ಬದುವಿನ ಹುಲ್ಲು ಹೇಗಿದೆ?” ನಾನು ತಾರಸಿಗೆ ಹತ್ತಿ ಗಾಜನ್ನು ತಂದು ನೋಡಿ ಉತ್ತರ ಹೇಳುತ್ತೇನೆ. ಇನ್ನೂ ಒಂದು ವಾರ ತಾಳು ಎಂದರೆ ತಾಳುತ್ತಾಳೆ. ಬಾ ಎಂದರೆ ಬರುತ್ತಾಳೆ. ಹುಲ್ಲಹಳ್ಳಿಯ ಪರಾಗದ ಮುನ್ಸೂಚನೆ ಸದ್ಯಕ್ಕೆ ಇಷ್ಟೇ, ಕೇಳುವವಳು ಒಬ್ಬಳೇ. ಹೋದ ಸಲ ಬಂದಾಗ ಅಂಗಳದಲ್ಲಿ ನಾನು ನೆಟ್ಟ ಆಕಾಶಮಲ್ಲಿಗೆಯ ಸಸಿಯನ್ನು ಅವಳು ಮುಟ್ಟಿ ನೋಡಿದಳು. ಅದು ಹೂ ಬಿಡಲು ಇನ್ನೂ ಕೆಲವು ವರ್ಷ ಬೇಕು.